ಕಲ್ಲಿಗೆ ಖಾಲಿ ಇರುವ ಹುದ್ದೆಗಳು

ಗೆ,
ನವಶಿಲಾಯುಗದ ಹಿರಿಯರು,
ಹೊಳೆ ದಂಡೆ, ಮಣ್ಣಿನಡಿ,
ತಿರುಮಕೂಡಲು ನರಸೀಪುರ, ಮೈಸೂರು ಜಿಲ್ಲೆ.

ವಿಷಯ: ತಾವು ಕೂಡಲೇ ದೇವರ ಹುದ್ದೆಗೆ ಅರ್ಜಿ ಸಲ್ಲಿಸುವ ಕುರಿತು.
ಉಲ್ಲೇಖ: ತಮ್ಮ ಸುಮಾರು 3,800 ವರ್ಷಗಳ ಮೌನ.

ಮಾನ್ಯ ಮುತ್ತಾತನವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಮೈಸೂರಿನವನು. ಭಾನುವಾರ ಬಂತೆಂದರೆ ಸ್ಕೂಟರ್ ಹತ್ತಿ ಹಳೇ ಕಲ್ಲು ನೋಡಲು ಹೊರಡುವ ಚಟ. ಕುಡಿತದ ಚಟವಾದರೆ ಬಿಡಿಸುವ ಶಿಬಿರಗಳಿವೆ, ಇದಕ್ಕೆ ಇಲ್ಲ. ಹೀಗೇ ಒಂದು ಭಾನುವಾರ ತಮ್ಮನ್ನು ಕಾಣಲು ನರಸೀಪುರಕ್ಕೆ ಬಂದಿದ್ದೆ. ಬಸ್ ಸ್ಟ್ಯಾಂಡಿನ ಬಳಿ ಆಟೋದವರೊಬ್ಬರನ್ನು "ಶಿಲಾಯುಗದ ಜನ ಇದ್ದ ಜಾಗ ಎಲ್ಲಿ ಬರುತ್ತೆ?" ಎಂದು ಕೇಳಿದೆ. ಅವರು ತುಸು ಯೋಚಿಸಿ, "ಹೊಸ ಬಡಾವಣೆಯಾ ಸಾರ್?" ಎಂದರು.

ಅವರದೇನೂ ತಪ್ಪಿಲ್ಲ. ತಾವು ವಿಳಾಸ ಕೊಟ್ಟು ಹೋದವರಲ್ಲ. 1960ರ ಆಸುಪಾಸಿನಲ್ಲಿ ಪುರಾತತ್ವಜ್ಞ ಎಂ. ಶೇಷಾದ್ರಿಯವರು ಇಲ್ಲಿ ಅಗೆಸಿ ತಮ್ಮನ್ನು ಎಬ್ಬಿಸಿದರು. ಉಜ್ಜಿ ನುಣುಪು ಮಾಡಿದ ಕಲ್ಲಿನ ಕೊಡಲಿಗಳು, ಬೂದು ಬಣ್ಣದ ಮಡಕೆಗಳು, ಹೂತ ಅಸ್ಥಿಪಂಜರಗಳು ಸಿಕ್ಕವು. ಅವೆಲ್ಲಕ್ಕಿಂತ ನನ್ನ ಮನಸ್ಸು ಕದ್ದದ್ದು ಸುಟ್ಟ ಮಣ್ಣಿನ ತಲೆದಿಂಬು. ಈಜಿಪ್ಟಿನವರು ಬಳಸುತ್ತಿದ್ದ ತಲೆದಿಂಬಿಗೂ ಇದಕ್ಕೂ ಹೋಲಿಕೆಯಿದೆ ಎಂದು ವಿದ್ವಾಂಸರು ಬೆರಗಾದರು. 1971ರಲ್ಲಿ ಉತ್ಖನನದ ವರದಿ ಅಚ್ಚಾಯಿತು. ಆಮೇಲೆ ತಾವು ಮತ್ತೆ ಮಲಗಿದಿರಿ. ತಲೆದಿಂಬು ಮಾತ್ರ ನಮ್ಮ ಕಡೆಯೇ ಉಳಿಯಿತು, ಕ್ಷಮಿಸಿ.

ತಮ್ಮ ಪಕ್ಕದ ಬೀದಿಯವರ ಸಂಗತಿ ನೋಡಿ. ಕಾವೇರಿ, ಕಪಿಲೆ, ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಸೇರುವ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತದೆ. 2025ರ ಫೆಬ್ರುವರಿಯಲ್ಲೂ ಮೂರು ದಿನ ಮಿಂದವರಿಗೆ ಲೆಕ್ಕವಿಲ್ಲ. ಗುಂಜಾ ನರಸಿಂಹಸ್ವಾಮಿ ಕೈಯಲ್ಲಿ ಗುಲಗಂಜಿ ಹಿಡಿದು, ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ತೋರಿಸುತ್ತಾನೆ. ಕಾಣದ ಸರೋವರಕ್ಕೆ ಅಷ್ಟೊಂದು ಜನ ಕೈಮುಗಿಯುತ್ತಾರೆ. ಅಗೆದರೆ ಕೈಗೇ ಸಿಗುವ ತಮಗೆ ಯಾರೂ ಇಲ್ಲ. ತಾವೆಲ್ಲಿ ತಪ್ಪಿದಿರಿ ಎಂದು ಯೋಚಿಸುತ್ತ ಎರಡು ತಾಲ್ಲೂಕು ಸುತ್ತಿದೆ. ಕೊನೆಗೆ ತಿಳಿಯಿತು: ತಾವು ನಿರುದ್ಯೋಗಿ. ನಮ್ಮ ನಾಡಿನಲ್ಲಿ ಕಲ್ಲು ಬದುಕಬೇಕಾದರೆ ಅದಕ್ಕೊಂದು ಉದ್ಯೋಗ ಇರಲೇಬೇಕು. ಸದ್ಯ ಖಾಲಿ ಇರುವ ಹುದ್ದೆಗಳ ವಿವರವನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ಒಂದು: ದೇವರು.

ಇದು ಕಾಯಂ ಹುದ್ದೆ. ನಂಜನಗೂಡಿಗೆ ಹೋಗಿ ನೋಡಿ. ಶ್ರೀಕಂಠೇಶ್ವರನ ಒಂಬತ್ತು ಅಂತಸ್ತಿನ ಗೋಪುರ 120 ಅಡಿ ಎತ್ತರ. ದೊಡ್ಡ ಜಾತ್ರೆಯ ದಿನ ಐದು ತೇರು ಹೊರಡುತ್ತವೆ. ಪಟ್ಟದಾನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನನೇ ಪಚ್ಚೆ ಲಿಂಗ ಒಪ್ಪಿಸಿ 'ಹಕೀಂ ನಂಜುಂಡ' ಎಂದು ಕರೆದ ಎಂಬ ಮಾತು ಇವತ್ತಿಗೂ ಉಳಿದಿದೆ. ವೈದ್ಯ ಹುದ್ದೆಯ ಹೆಚ್ಚುವರಿ ಪ್ರಭಾರ ಎಂದಿಟ್ಟುಕೊಳ್ಳಿ. ಈ ಹುದ್ದೆಗೆ ರೂಪ ಬೇಕೆಂದೇನಿಲ್ಲ. ಉದ್ದಕ್ಕಿದ್ದರೆ ಮಾರಮ್ಮ, ದುಂಡಗಿದ್ದರೆ ಲಿಂಗ, ಎರಡೂ ಅಲ್ಲದಿದ್ದರೆ ಮುನೇಶ್ವರ. ಬೇಕಾದದ್ದು ಎರಡು ಬೆರಳಷ್ಟು ಕುಂಕುಮ ಮತ್ತು ಒಬ್ಬರ ಕನಸು.

ಆದರೆ ಸೇವಾ ನಿಯಮಗಳು ಕಠಿಣ. ಸೇರಿದ ವರ್ಷವೇ ತಲೆಯ ಮೇಲೆ ತಗಡು ಬರುತ್ತದೆ. ಮರುವರ್ಷ ಸುತ್ತ ಗೋಡೆ, ಅದಕ್ಕೆ ಬಚ್ಚಲುಮನೆಯ ಟೈಲ್ಸು. ಮೂರನೆಯ ವರ್ಷ ಜೀರ್ಣೋದ್ಧಾರ ಸಮಿತಿ ರಚನೆಯಾಗುತ್ತದೆ. ಜೀರ್ಣವಾಗದೇ ಉಳಿದದ್ದೆಲ್ಲ ಉದ್ಧಾರವಾಗುವುದು ಆಗಲೇ. ಗಂಗರ ಕಾಲದ ಕಂಬಕ್ಕೆ ಎನಾಮೆಲ್ ಪೇಂಟ್ ಬೀಳುತ್ತದೆ. ಶಾಸನದ ಮೇಲೆ ಸಿಮೆಂಟು ಮೆತ್ತಿ, ಆ ಸಿಮೆಂಟಿನ ಮೇಲೆ ದಾನಿಗಳ ಹೆಸರಿನ ಗ್ರಾನೈಟ್ ಫಲಕ ಕೂರಿಸುತ್ತಾರೆ. ಹೊಸ ಶಾಸನ ಹಳೆಯದಕ್ಕಿಂತ ಸ್ಪಷ್ಟವಾಗಿ ಓದಿಸಿಕೊಳ್ಳುತ್ತದೆ, ಒಪ್ಪಬೇಕಾದ ಮಾತು. ಫೋನ್ ನಂಬರೂ ಇರುತ್ತದೆ.

ಎರಡು: ಫೋಟೋದ ಹಿನ್ನೆಲೆ.

ತಮ್ಮದೇ ತಾಲ್ಲೂಕಿನ ಸೋಮನಾಥಪುರದ ಕೇಶವ ಈ ಹುದ್ದೆಯಲ್ಲಿದ್ದಾನೆ. 1258ರಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ ಗುಡಿ. ಮೂರು ಗರ್ಭಗುಡಿಗಳಲ್ಲಿ ಮುಖ್ಯದೇವರಾದ ಕೇಶವನ ಮೂಲ ವಿಗ್ರಹವೇ ಇಲ್ಲ, ಪೂಜೆಯೂ ಇಲ್ಲ. ದೇವರ ಕೆಲಸ ಹೋದರೂ ಕಟ್ಟಡಕ್ಕೆ ಬೇರೆ ಕೆಲಸ ಸಿಕ್ಕಿತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಅಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿ ತಾನು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ್ದಾನೆ. ಅದನ್ನು ಹುಡುಕುತ್ತ ಬಗ್ಗಿ ನಿಂತಿದ್ದಾಗ ಹಿಂದಿನಿಂದ ಒಬ್ಬ ಹುಡುಗಿ, "ಅಂಕಲ್, ಸ್ವಲ್ಪ ಸರೀತೀರಾ, ಫ್ರೇಮಲ್ಲಿ ಬರ್ತಿದ್ದೀರ" ಎಂದಳು. ಸರಿದೆ. ಅವಳು ಗುಡಿಗೆ ಬೆನ್ನು ಹಾಕಿ ನಿಂತಳು. ಏಳೂವರೆ ಶತಮಾನದ ಶಿಲ್ಪಕಲೆ ಅವಳ ಕಿವಿಯ ಹಿಂದೆ ಮಸುಕಾಗಿ ಬಂತು.

ಈ ಹುದ್ದೆಗೆ ತಾವು ಅನರ್ಹರು ಎಂದು ವಿಷಾದದಿಂದ ತಿಳಿಸುತ್ತೇನೆ. ಸೊಂಟ ಬಳುಕುವ ಒಂದು ಮದನಿಕೆಯೂ ತಮ್ಮ ಬಳಿಯಿಲ್ಲ. ಡಾಲರೈಟ್ ಕಲ್ಲನ್ನು ಮೊದಲು ಒಡೆದು, ಆಮೇಲೆ ಕುಟ್ಟಿ, ಆಮೇಲೆ ಬಂಡೆಗೆ ನೀರು ಹಾಕಿ ದಿನಗಟ್ಟಲೆ ಉಜ್ಜಿ ಕೊಡಲಿ ಮಾಡಿದಿರಿ, ನಿಜ. ಆದರೆ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರೆ ಲೈಕು ಬರುವುದಿಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನಲ್ಲಿ ನಿಮ್ಮ ನಂತರದವರು ಬೆಟ್ಟದ ಮೇಲೆ ನೂರಾರು ಕಲ್ಮನೆ ಕಟ್ಟಿ ಹೋಗಿದ್ದಾರೆ. 'ಮೋರೇರ ಗುಡ್ಡ'ದ ಆ ಸಮಾಧಿಗಳೇ 2021ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿ ಕೂತಿವೆ. ರೈಲಿನ ಭಾಷೆಯಲ್ಲಿ ಹೇಳುವುದಾದರೆ ಆರ್‌ಎಸಿ: ಒಳಗೆ ಹತ್ತಬಹುದು, ಮಲಗುವಂತಿಲ್ಲ.

ವಿದೇಶದಲ್ಲಿ ಅವಕಾಶವಿದೆಯೇ ಎಂದು ಕೇಳಬಹುದು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬ ಬರಿಯ ನಿಲಸುಗಲ್ಲುಗಳ ಗುಂಪನ್ನು 1915ರಲ್ಲಿ ಹರಾಜು ಹಾಕಿದರು. ಸೆಸಿಲ್ ಚಬ್ ಎಂಬಾತ 6,600 ಪೌಂಡಿಗೆ ಕೂಗಿ, ಮೂರು ವರ್ಷ ಇಟ್ಟುಕೊಂಡು, 1918ರಲ್ಲಿ ದೇಶಕ್ಕೇ ದಾನ ಮಾಡಿಬಿಟ್ಟ. ನಮ್ಮಲ್ಲೂ ಹರಾಜು ನಡೆಯುತ್ತದೆ ಮುತ್ತಾತ. ಕೊಂಡವರು ಮಾತ್ರ ಹಾಗೆಯೇ ಹಿಂದಕ್ಕೆ ಕೊಡುವುದಿಲ್ಲ, ಟನ್ ಲೆಕ್ಕದಲ್ಲಿ ಕೊಡುತ್ತಾರೆ. ಅದು ನಾಲ್ಕನೆಯ ಹುದ್ದೆ, ಅಲ್ಲಿಗೆ ಬರುತ್ತೇನೆ.

ಮೂರು: ಒಗೆಯುವ ಕಲ್ಲು.

ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿ. ಕಾಲುವೆಯ ಪಕ್ಕ ಎರಡು ಗುಂಡುಕಲ್ಲಿನ ಮೇಲೆ ಒಂದು ಚಪ್ಪಡಿ ಹಾಸಿತ್ತು. ಅಂಚಿನ ನಯ ನೋಡಿದರೆ ಇದು ಬರಿಯ ಚಪ್ಪಡಿಯಲ್ಲ ಎನ್ನಿಸಿತು. ಮಂಡಿಯೂರಿ, ಆಮೇಲೆ ಬೆನ್ನು ಕೆಳಗೆ ಮಾಡಿ, ಅದರಡಿ ತೂರಿದೆ. ಮೇಲೆ ನೋಡಿದರೆ ವೀರಗಲ್ಲು! ಕೆಳ ಹಂತದಲ್ಲಿ ಬಿಲ್ಲು ಹಿಡಿದ ವೀರ, ಅವನ ಬೆನ್ನ ಹಿಂದೆ ಊರಿನ ದನ. ನಡುವೆ ಅವನನ್ನು ಎತ್ತಿಕೊಂಡು ಹೊರಟ ಅಪ್ಸರೆಯರು. ಮೇಲೆ ಲಿಂಗ, ನಂದಿ, ಸೂರ್ಯ ಚಂದ್ರ. ತುರುಗೋಳಿನಲ್ಲಿ ಮಡಿದವನ ಒಂದು ಮೀಸೆಯೂ ಮುಕ್ಕಾಗಿರಲಿಲ್ಲ.

"ಯಾನ ಸ್ವಾಮಿ, ನಿಧಿ ಗಿಧಿ ಹುಡುಕ್ತಿದ್ದೀರಾ?"

ಬಟ್ಟೆ ಗಂಟು ಹೊತ್ತ ಅಜ್ಜಿಯೊಬ್ಬರು ನಿಂತಿದ್ದರು. "ಇಲ್ಲ ಅವ್ವ, ಕಲ್ಲು ನೋಡ್ತಿದ್ದೆ" ಎಂದೆ.

"ಕಲ್ಲ ನೋಡಕ ಮೈಸೂರಿಂದ ಬಂದ್ರಾ? ನಿಮ್ಮೂರ್ಲಿ ಕಲ್ಲಿಲ್ವಾ?"

ಈ ಪ್ರಶ್ನೆಗೆ ನನ್ನ ಬಳಿ ಇಂದಿಗೂ ಉತ್ತರವಿಲ್ಲ. ಬದಲಿಗೆ ನಾನೇ ಸ್ವಲ್ಪ ಗತ್ತಿನಿಂದ, "ಇದು ವೀರಗಲ್ಲು ಅವ್ವ. ಇದರ ಮೇಲೆ ಬಟ್ಟೆ ಒಗೀತೀರಲ್ಲ, ತಪ್ಪಲ್ವಾ?" ಎಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು. "ಅದ್ಕೇ ಮೊಕ ಕೆಳಕ್ಕ ಮಾಡಿ ಹಾಕಿರದು. ದೇವ್ರ ಮೊಕದ ಮ್ಯಾಲ ಯಾರಾರ ಒಗೆದಾರಾ?"

ಗತ್ತು ಕಾಲುವೆಯಲ್ಲಿ ತೇಲಿ ಹೋಯಿತು. ಊರಿನ ದನ ಉಳಿಸಿದವನ ಬೆನ್ನ ಮೇಲೆ ಊರಿನ ಬಟ್ಟೆ ಬೀಳುತ್ತಿದೆ, ಅವನ ಮುಖ ಮಾತ್ರ ನೆರಳಿನಲ್ಲಿ ತಣ್ಣಗಿದೆ. ಸತ್ತ ಮೇಲೂ ಊರಿಗೇ ದುಡಿಯುತ್ತಿರುವ ಸರ್ಕಾರಿ ನೌಕರನನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ನಾಲ್ಕು: ಜಲ್ಲಿ.

ಇದಕ್ಕೆ ಅರ್ಜಿ ಬೇಡ, ನೇರ ನೇಮಕಾತಿ. ಬಳ್ಳಾರಿಯ ಹತ್ತಿರ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಿವೆ. ತಮ್ಮ ಕಾಲದವರು ಕೊಡಲಿ ತಯಾರಿಸಿದ ಕಾರ್ಖಾನೆ ಅದು. ಬಂಡೆಯ ಮೇಲೆ ಗೂಳಿಗಳನ್ನು ಕೆತ್ತಿದ್ದಾರೆ. ಕಲ್ಲಿನಿಂದ ಬಡಿದರೆ ಗಣಗಣ ಎನ್ನುವ ಬಂಡೆಗಳೂ ಇವೆ. ಅಲ್ಲಿಗೆ ಕಲ್ಲುಗಣಿಯ ಕಾಟ ತಟ್ಟಿತು. ಸಾವಿರಾರು ವರ್ಷ ಸಂಗೀತ ನುಡಿಸಿದ ಬಂಡೆಗೆ ಕ್ರಷರ್ ತಾಳ ಹಾಕಿತು. ಕೊಡಲಿ ಮಾಡಲು ಕಲ್ಲು ಒಡೆದವರು ನೀವು, ಕೊಡಲಿ ಒಡೆದು ಕಲ್ಲು ಮಾಡಿದವರು ನಾವು.

ತಡೆಯಲು ಶಾಸನವಿಲ್ಲವೇ ಎಂದರೆ, ಎರಡೆರಡು ಥರದ್ದಿವೆ. ಕಲ್ಲಿನ ಮೇಲಿನ ಶಾಸನ, ದಾನವನ್ನು ಹಾಳು ಮಾಡಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎನ್ನುತ್ತದೆ. ಕಾಗದದ ಮೇಲಿನ ಶಾಸನ, ಅಂದರೆ 1958ರ ಕಾಯ್ದೆಯ 2010ರ ತಿದ್ದುಪಡಿ, ಸಂರಕ್ಷಿತ ಸ್ಮಾರಕವನ್ನು ಕೆಡಿಸಿದವನಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ ಎನ್ನುತ್ತದೆ. ಶಿಕ್ಷೆಯ ಪ್ರಮಾಣದಲ್ಲಿ ನಮ್ಮ ಪ್ರಜಾಪ್ರಭುತ್ವ ಎಷ್ಟು ದಯಾಳು ನೋಡಿ. ಎರಡರಲ್ಲಿ ಯಾವುದನ್ನು ಹೆಚ್ಚು ಜನ ಅನುಭವಿಸಿದ್ದಾರೆ ಎಂಬುದು ಹುಳುಗಳಿಗೇ ಗೊತ್ತು.

ನಿವೃತ್ತರ ಗತಿಯನ್ನೂ ಹೇಳಿಬಿಡುತ್ತೇನೆ. ನಂಜನಗೂಡಿನಲ್ಲಿ ಕಪಿಲೆಗೆ ಅಡ್ಡಲಾಗಿ ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ ಕಲ್ಲುಸೇತುವೆ ಇದೆ. ಎತ್ತಿನಗಾಡಿಗೆಂದು ಹುಟ್ಟಿದ ಸೇತುವೆ ಒಂದೂವರೆ ಶತಮಾನದ ನಂತರ ರೈಲನ್ನೂ ಬೆನ್ನ ಮೇಲೆ ಹೊತ್ತಿತು. ದೇಶದಲ್ಲಿ ರೈಲು ಓಡಿದ ಸೇತುವೆಗಳಲ್ಲೆಲ್ಲ ಹಳೆಯದು ಎಂಬ ಹೆಸರೂ ಬಂತು. ಬ್ರಾಡ್‌ಗೇಜ್ ಬಂದ ಮೇಲೆ ನಿವೃತ್ತಿ. ಈಗ ಪಿಂಚಣಿಯಾಗಿ ಕಮಾನುಗಳ ಸಂದಿಯಲ್ಲಿ ಅರಳಿ ಸಸಿಗಳು ಸಿಗುತ್ತಿವೆ. ಅವು ಮರವಾಗಿ ಕಲ್ಲು ಸೀಳಿದರೆ ಕಟ್ಟೆ ಕಟ್ಟಿಸಿ ಪ್ರದಕ್ಷಿಣೆ ಹಾಕಬಹುದು. ಆಗ ಮೊದಲನೆಯ ಹುದ್ದೆಗೆ ಬಡ್ತಿ.

ಇಷ್ಟೆಲ್ಲ ಬರೆದು, ದೇವರಾಗಲು ಅರ್ಜಿ ಹಾಕಿ ಎಂದು ಷರಾ ಹಾಕಿ ಅಂಚೆಗೆ ಹಾಕುವವನಿದ್ದೆ. ಅಷ್ಟರಲ್ಲಿ ತಲಕಾಡಿಗೆ ಹೋದೆ. ಅಲಮೇಲಮ್ಮನ ಶಾಪಕ್ಕೆ ಗಂಗರ ರಾಜಧಾನಿ ಮರಳಾಯಿತು ಎಂಬ ಕತೆ ಕೇಳದ ಕನ್ನಡಿಗನಿಲ್ಲ. ಇವತ್ತು ಒಂದು ಲೋಡ್ ಮರಳಿನ ಬೆಲೆ ಕೇಳಿದವರು ಅದನ್ನು ವರ ಎನ್ನದೆ ಇರಲಾರರು. ವಿಷ್ಣುವರ್ಧನ ಚೋಳರನ್ನು ಗೆದ್ದ ನೆನಪಿಗೆ ಕಟ್ಟಿಸಿದ ಕೀರ್ತಿನಾರಾಯಣ ಅಲ್ಲಿದ್ದಾನೆ. ಮರಳಿನಲ್ಲಿ ಕಾಲು ಹೂತು ಏದುಸಿರು ಬಿಡುತ್ತ ನಿಂತಾಗ ಹೊಳೆಯಿತು: ಈ ಗುಡಿಗಳಿಗೆ ಟೈಲ್ಸ್ ಬೀಳದಂತೆ, ಎನಾಮೆಲ್ ಹತ್ತದಂತೆ, ಕಂಬ ಕಿತ್ತು ಯಾರೂ ಹಟ್ಟಿಗೆ ಒಯ್ಯದಂತೆ ಶತಮಾನಗಟ್ಟಲೆ ಕಾದದ್ದು ಈ ಮರಳೇ. ವೀರಗಲ್ಲಿನ ಮೀಸೆ ಉಳಿಸಿದ್ದು ಅದು ಮುಖ ಮುಚ್ಚಿಕೊಂಡು ಮಲಗಿದ್ದು. ತಮ್ಮನ್ನು 3,800 ವರ್ಷ ಕಾಪಾಡಿದ್ದು ಹೊಳೆ ದಂಡೆಯ ಮಣ್ಣು. ಕಲ್ಲು ಹಾಕುವುದು, ಮಣ್ಣು ಹಾಕುವುದು ನಮ್ಮಲ್ಲಿ ಕೆಡುಕು ಬಯಸುವ ಮಾತು. ನಮ್ಮ ಪುರಾತತ್ವ ಉಳಿದಿರುವುದು ಅದರಿಂದಲೇ. ನಮ್ಮ ಕಣ್ಣಿಗೆ ಬೀಳದೆ ಇರುವುದೇ ಸಂರಕ್ಷಣೆ.

ಆದಕಾರಣ, ಈ ಪತ್ರದ ವಿಷಯವನ್ನು ತಿದ್ದಿಕೊಂಡು ಓದಬೇಕಾಗಿ ಕೋರುತ್ತೇನೆ. ಯಾವ ಹುದ್ದೆಗೂ ಅರ್ಜಿ ಹಾಕಬೇಡಿ. ಮಗ್ಗುಲು ಕೂಡ ಬದಲಿಸಬೇಡಿ. ಮೇಲೆ ಜೆಸಿಬಿ ಸದ್ದು ಕೇಳಿದರೆ ಉಸಿರು ಬಿಗಿಹಿಡಿಯಿರಿ. ಕಲ್ಲನ್ನು ಕಲ್ಲೆಂದೇ ನೋಡಿ, ಏನೂ ಮಾಡದೆ ಸುಮ್ಮನೆ ಬರುವಷ್ಟು ನಾಗರಿಕತೆ ನಮಗೆ ಬಂದಾಗ ನಾನೇ ಬಂದು ಎಬ್ಬಿಸುತ್ತೇನೆ.

ಇಂತಿ ತಮ್ಮ ವಿಧೇಯ,
ಕಲ್ಲು ನೋಡಕ ಬಂದವನು

ತಾ.ಕ.: ಒಂದು ತಪ್ಪೊಪ್ಪಿಗೆ. ಅವತ್ತು ಹೊಳೆ ದಂಡೆಯಲ್ಲಿ ಅಂಗೈಯಗಲದ ಒಂದು ಕಪ್ಪು ಕಲ್ಲು ಸಿಕ್ಕಿತ್ತು. ಒಂದು ತುದಿ ಚೂಪು, ಮೈಯೆಲ್ಲ ನುಣುಪು. ತಮ್ಮದೇ ಇರಬೇಕೆಂದು ಜೇಬಿಗಿಳಿಸಿದೆ. ಸಂರಕ್ಷಣೆಯ ಉದ್ದೇಶದಿಂದ, ಎಲ್ಲ ಕಳ್ಳರ ಹಾಗೆ. ಈ ಪತ್ರ ಬರೆದ ಮೇಲೆ ಮನಸ್ಸು ಚುಚ್ಚಿ, ಹಿಂದಿಟ್ಟು ಬರೋಣವೆಂದು ಷೋಕೇಸ್ ತೆರೆದರೆ ಕಲ್ಲು ಅಲ್ಲಿರಲಿಲ್ಲ. ದೇವರಮನೆಯಲ್ಲಿತ್ತು. ಹೆಂಡತಿ ಅದಕ್ಕೆ ಕುಂಕುಮ ಇಟ್ಟು, ಒಂದು ದಾಸವಾಳ ಮುಡಿಸಿದ್ದಳು. ಕೈ ಚಾಚಿದರೆ, "ಸ್ನಾನ ಆಯ್ತಾ ನಿಮ್ದು?" ಎಂದು ಕೇಳಿದಳು.