ಎಸ್ಟೇಟು ನೋಡಲು ಹೋದದ್ದು

ನಮ್ಮ ಡ್ಯಾನ್‌ವಿಲ್ ಮನೆಯ ಅಂಚೆಪೆಟ್ಟಿಗೆಗೆ ವಾರಕ್ಕೆ ಮೂರಾದರೂ ಬಣ್ಣದ ಕಾರ್ಡುಗಳು ಬಂದು ಬೀಳುತ್ತವೆ. ಮನೆ ಮಾರಿಸಿಕೊಡುವ ಏಜೆಂಟರು ಕಳಿಸುವಂಥವು. ಏಜೆಂಟರ ಹಲ್ಲು ಮುಂದೆ, ಮನೆ ಹಿಂದೆ. ಆದರೆ ಆ ಮನೆಯನ್ನು ಮನೆ ಎಂದು ಕರೆದವರನ್ನು ನಾನು ಕಂಡಿಲ್ಲ, ಅದು ‘ಎಸ್ಟೇಟ್’. ಐದು ಮಲಗುವ ಕೋಣೆ, ಮೂರು ಕಾರು ನಿಲ್ಲುವ ಗ್ಯಾರೇಜು, ಹಿತ್ತಲಲ್ಲಿ ನಾಲ್ಕು ನಿಂಬೆಗಿಡ, ಸಂಜೆ ಹೊತ್ತು ದೂರದಲ್ಲಿ ಕೆಂಪಗೆ ಕಾಣುವ ಮೌಂಟ್ ಡಯಾಬ್ಲೊ. ಇಷ್ಟಿದ್ದರೆ ಎಸ್ಟೇಟು. ಬೆಲೆ ನೋಡಿದರೆ ಬೆಟ್ಟವನ್ನೂ ಸೇರಿಸಿಯೇ ಮಾರುತ್ತಿದ್ದಾರೇನೋ ಅನ್ನಿಸುತ್ತದೆ.

ನನ್ನ ಕಿವಿಗೆ ಆ ಪದ ಮೊದಲು ಬಿದ್ದದ್ದು ಬೇರೆ ಥರ. ಪಾಂಡವಪುರದ ಹತ್ತಿರದ ಹಳ್ಳಿಯವನು ನಾನು. ನಮ್ಮ ಕಡೆ ಇರುವುದು ಗದ್ದೆ, ಹೊಲ, ಹಿತ್ತಲು. ಎಸ್ಟೇಟು ಇದ್ದದ್ದು ಟೆಂಟ್ ಸಿನಿಮಾದ ಪರದೆಯ ಮೇಲೆ. ಜೀಪಿನಿಂದ ಇಳಿಯುವ ನಾಯಕಿಯ ಅಪ್ಪ, ಅವನ ಬಾಯಲ್ಲಿ ಪೈಪು, ಹೆಗಲಲ್ಲಿ ಕೋವಿ, ಕಾಲ ಬಳಿ ಒಂದು ನಾಯಿ. ಕಾಫಿ ಕುಯ್ಯುವ ಹೆಂಗಸರು ಹಾಡು ಶುರುವಾದಾಗ ಬರುತ್ತಿದ್ದರು, ಹಾಡು ಮುಗಿದ ಕೂಡಲೇ ಹೋಗಿಬಿಡುತ್ತಿದ್ದರು. ಎಲ್ಲಿಗೆ ಹೋಗುತ್ತಿದ್ದರು ಎಂದು ಯಾರೂ ಕೇಳುತ್ತಿರಲಿಲ್ಲ. ನಾಯಿ ಮಾತ್ರ ಕ್ಲೈಮ್ಯಾಕ್ಸಿನವರೆಗೂ ಇರುತ್ತಿತ್ತು.

ಪೀಠಿಕೆ ಇಷ್ಟುದ್ದ ಆದದ್ದಕ್ಕೆ ಕಾರಣ, ಹೋದ ಚಳಿಗಾಲದಲ್ಲಿ ನಾನು ಅಮ್ಮನನ್ನು ಕರೆದುಕೊಂಡು ಕೆರಿಬಿಯನ್ ಸಮುದ್ರದ ದ್ವೀಪವೊಂದರಲ್ಲಿ ಎಸ್ಟೇಟು ನೋಡಿಬಂದೆ.

ಯೋಜನೆ ನನ್ನದಲ್ಲ. ಬೇ ಏರಿಯಾದ ಕನ್ನಡಿಗರಿಗೆ ಐವತ್ತು ದಾಟಿದ ಮೇಲೆ ಎರಡು ತಾಪತ್ರಯ ಅಂಟಿಕೊಳ್ಳುತ್ತವೆ. ಒಂದು ಮಂಡಿನೋವು, ಇನ್ನೊಂದು ಕ್ರೂಸು. ಮೊದಲನೆಯದಕ್ಕೆ ಎರಡನೆಯದೇ ಮದ್ದು ಎನ್ನುವವರೂ ಇದ್ದಾರೆ. ನಡೆಯುವ ಹಾಗಿಲ್ಲ, ಊರುಗಳೇ ಬಾಗಿಲಿಗೆ ಬರುತ್ತವೆ. ದೀಪಾವಳಿ ಊಟದ ಪಂಕ್ತಿಯಲ್ಲಿ ಎದ್ದ ಮಾತು ಮಾರನೆಯ ದಿನ ವಾಟ್ಸ್ಯಾಪ್ ಗುಂಪಾಯಿತು, ಮೂರನೆಯ ದಿನ ಅದರಿಂದ ಇಬ್ಬರು ಮುನಿಸಿಕೊಂಡು ಹೊರಗೆ ಹೋದರು, ವಾರ ಕಳೆಯುವಷ್ಟರಲ್ಲಿ ನಾವು ಒಂಬತ್ತು ಮಂದಿ ದುಡ್ಡು ಕಟ್ಟಿಯಾಗಿತ್ತು. ಆರು ತಿಂಗಳಿಗೆಂದು ಬಂದಿದ್ದ ಅಮ್ಮ ಒಂಬತ್ತನೆಯವಳು. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಹಡಗಲ್ಲಿ ಅನ್ನ ಇಕ್ತಾರಾ?”

ಇಕ್ಕುತ್ತಾರೆ ಎಂದು ಹೇಳಿದರೂ ನಂಬದೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಎರಡು ಅಚ್ಚು ಬೆಲ್ಲ ಕಟ್ಟಿಕೊಂಡಳು. ಬೆಲ್ಲವನ್ನು ತಪಾಸಣೆಯವರು ಯಂತ್ರದೊಳಗೆ ಮೂರು ಸಲ ಓಡಿಸಿ, ಮೂಸಿ ನೋಡಿ, ಕೊನೆಗೆ ಅಮ್ಮನ ಮುಖ ನೋಡಿ ಬಿಟ್ಟರು. ಸಾನ್ ವಾನ್ ಬಂದರಿನಲ್ಲಿ ಹಡಗು ಹತ್ತಿದ ಎರಡನೆಯ ದಿನವೇ ಅವಳು ಊಟದ ಸಾಲಿನ ಹಿಂದೆ ನಿಂತಿದ್ದ ಮಂಗಳೂರು ಕಡೆಯ ಹುಡುಗನೊಬ್ಬನನ್ನು ಪತ್ತೆಹಚ್ಚಿದಳು. ಅವನ ಕನ್ನಡ ಅವಳಿಗೆ ಪಠ್ಯಪುಸ್ತಕದ ಹಾಗೆ, ಅವಳ ಕನ್ನಡ ಅವನಿಗೆ ಸಿನಿಮಾದ ಹಾಗೆ ಕೇಳಿಸಿರಬೇಕು. ಆದರೂ ಅವತ್ತಿನಿಂದ ನಮ್ಮ ಮೇಜಿಗೆ ಗುಟ್ಟಾಗಿ ಸಾರು ಬರತೊಡಗಿತು. ಅಮ್ಮ ಅವನ ಸಂಬಳ, ತಂಗಿಯ ಮದುವೆ ಎಲ್ಲ ವಿಚಾರಿಸಿ ಕೊನೆಗೆ, “ನೀ ಎಲ್ ಮನಿಕತೀಯ ಮಗ?” ಎಂದಳು. ಆತ ನೆಲದ ಕಡೆ ಬೆರಳು ಮಾಡಿ, “ಕೆಳಗೆ, ನೀರಿಗಿಂತಲೂ ಕೆಳಗೆ. ಕಿಟಕಿ ಇಲ್ಲ” ಎಂದ. ಹತ್ತನೇ ಅಂತಸ್ತಿನ ನಮ್ಮ ಕೋಣೆಗೆ ಬಾಲ್ಕನಿ ಇತ್ತು. ಅಮ್ಮ ಆ ರಾತ್ರಿ ಬಾಲ್ಕನಿಗೆ ಹೋಗಲಿಲ್ಲ. ಗಾಳಿ ಜಾಸ್ತಿ ಎಂದಳು.

ಸೇಂಟ್ ಕಿಟ್ಸ್ ಮುಟ್ಟಿದ್ದು ಬೆಳಗ್ಗೆ. ಇಡೀ ದ್ವೀಪ 168 ಚದರ ಕಿಲೋಮೀಟರು. ನಡುವೆ ಮೋಡ ಹೊದ್ದ ಜ್ವಾಲಾಮುಖಿ ಬೆಟ್ಟ, ಸುತ್ತ ಇಳಿಜಾರು, ಅಂಚಿಗೆ ಸಮುದ್ರ. ರಾಜಧಾನಿ ಬಾಸ್ಟೇರ್‌ನಲ್ಲಿ ನಮ್ಮ ಹಡಗಿನಷ್ಟು ಎತ್ತರದ ಕಟ್ಟಡ ಒಂದೂ ಕಾಣಲಿಲ್ಲ. ಇಳಿದ ಮೇಲೆ ಏನು ನೋಡಬೇಕೆಂಬುದಕ್ಕೆ ಪಟ್ಟಿ ಕೊಟ್ಟಿದ್ದರು: ಕೋತಿ, ಕೋಟೆ, ಕಡಲತೀರ, ಹಳೆಯ ಎಸ್ಟೇಟು ಮತ್ತು ಉದ್ಯಾನ. ಎಸ್ಟೇಟಿಗೆ ಟಿಕ್ ಹಾಕಿದವನು ನಾನು. “ತೋಟ ಅಂದ್ಯಲ್ಲ, ಹೋಗಾನ” ಎಂದು ಅಮ್ಮ ಚಪ್ಪಲಿ ಮೆಟ್ಟಿದಳು.

ವ್ಯಾನು ಓಡಿಸುತ್ತಿದ್ದವನು ಅರವತ್ತರ ಸುಮಾರಿನ ಗಟ್ಟಿ ಆಳು. ದಾರಿಯುದ್ದಕ್ಕೂ ಇತಿಹಾಸ ಹೇಳುತ್ತ, ಎದುರು ಬಂದ ಪ್ರತಿ ಗಾಡಿಗೂ ಹಾರ್ನ್ ಹೊಡೆದು ನಮಸ್ಕಾರ ಹೇಳುತ್ತ ಹೋದ. ಓಲ್ಡ್ ರೋಡ್ ಎಂಬ ಊರು ಬಂತು. 1620ರ ದಶಕದಲ್ಲಿ ಇಂಗ್ಲಿಷರು ಕೆರಿಬಿಯನ್‌ನಲ್ಲಿ ಮೊದಲು ನೆಲೆಯೂರಿದ ಜಾಗ. 1626ರಲ್ಲಿ ಇಂಗ್ಲಿಷರೂ ಫ್ರೆಂಚರೂ ಒಂದಾಗಿ ಅಲ್ಲಿನ ಮೂಲನಿವಾಸಿ ಕಲಿನಾಗೊ ಜನರನ್ನು ಕೊಂದು ಹಾಕಿದರು; ಆ ಎರಡು ಜಾತಿಯವರು ಯಾವುದಾದರೂ ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅಪರೂಪ, ಬಂದದ್ದು ಇಂಥದಕ್ಕೆ. ಮೊದಲು ಹೊಗೆಸೊಪ್ಪು ಬೆಳೆದರು, ಆಮೇಲೆ ಕಬ್ಬು. ಕಬ್ಬು ಬಂದ ಮೇಲೆ ಬೇರೆ ಇನ್ನೇನೂ ಬೆಳೆಯಲಿಲ್ಲ.

ವಿಂಗ್‌ಫೀಲ್ಡ್ ಎಸ್ಟೇಟು ಅಲ್ಲೇ ಮೇಲೆ, ಹೊಳೆಯ ಪಕ್ಕ. ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ನನ ಪೂರ್ವಜನೊಬ್ಬನಿಗೆ ಸೇರಿತ್ತೆಂದು ಅಲ್ಲಿನವರು ಹೇಳುತ್ತಾರೆ. ನಮ್ಮವರು ಅದಕ್ಕೆ ‘ಓಹೋ’ ಎಂದು ಫೋಟೋ ತೆಗೆದರು. ಕಲ್ಲಿನ ಕಮಾನುಗಳ ಮೇಲೆ ನೀರು ತರುವ ಕಾಲುವೆ, ನೀರಿನ ಚಕ್ರ ಇದ್ದ ಗುಂಡಿ, ಆಕಾಶಕ್ಕೆ ನಿಂತ ಚಿಮಣಿ, ಎಲ್ಲದರ ಮೇಲೂ ಹಬ್ಬಿದ ಬಳ್ಳಿ. ನನಗೆ ಹಂಪಿ ನೆನಪಾಯಿತು. ಯಾರೋ ಪ್ರೀ-ವೆಡ್ಡಿಂಗ್ ಶೂಟಿಗೆ ಹೇಳಿ ಮಾಡಿಸಿದ ಜಾಗ ಎಂದರು.

ಅಮ್ಮ ಕ್ಯಾಮೆರಾಗಳನ್ನೆಲ್ಲ ದಾಟಿ ನೇರ ಒಳಗೆ ಹೋದಳು. ತುಕ್ಕು ಹಿಡಿದ ಕಬ್ಬಿಣದ ರೋಲರುಗಳನ್ನು ತಟ್ಟಿದಳು. ಒಲೆಯ ಬಾಯಿಗೆ ಬಗ್ಗಿದಳು. ಅಲ್ಲಿಂದಲೇ ಕೂಗಿದಳು: “ಲೇ, ಇದು ಎಸ್ಟೇಟಲ್ಲ ಕಣ್ಲಾ, ಆಲೆಮನೆ!”

ಹೌದು. ಗಾಣ, ಒಲೆ, ಹಾಲು ಹರಿಯುವ ದೋಣಿ, ಎಲ್ಲ ಇತ್ತು. ನಮ್ಮಲ್ಲಿ ಎತ್ತು ತಿರುಗಿಸುತ್ತಿದ್ದುದನ್ನು ಇಲ್ಲಿ ಹೊಳೆ ತಿರುಗಿಸುತ್ತಿತ್ತು, ಅಷ್ಟೇ. ಚಾಲಕ ವಿವರಿಸಿದ: ಐದಾರು ಪಾತ್ರೆ ಸಾಲಾಗಿ, ದೊಡ್ಡದರಿಂದ ಚಿಕ್ಕದಕ್ಕೆ, ಕುದಿಯುತ್ತಿದ್ದಂತೆ ಒಂದರಿಂದ ಇನ್ನೊಂದಕ್ಕೆ ತೋಡಿ ಹಾಕುವುದು, ಸುಣ್ಣ ಹಾಕಿ ಕೊಳೆ ಎತ್ತುವುದು, ಕೊನೆಯ ಪಾತ್ರೆಯ ಪಾಕವನ್ನು ಹೆಬ್ಬೆರಳು ತೋರುಬೆರಳ ನಡುವೆ ಎಳೆದು ನೋಡುವುದು. ಪಾತ್ರೆಗೆ ಅವರು ‘ಕಾಪರ್’ ಎನ್ನುತ್ತಾರೆ. ಅಮ್ಮ ನನ್ನನ್ನು ತಿವಿದಳು. “ಕೊಪ್ಪರಿಗೆ ಅಂತಾವ್ನೆ ನೋಡು. ನಮ್ಮ ಮಾತು ಬರ್ತದೆ ಇವ್ನಿಗೆ.” ಎರಡು ಪದಕ್ಕೂ ನೆಂಟಸ್ತಿಕೆ ಇದೆಯೆಂದು ಭಾಷಾಶಾಸ್ತ್ರದವರ ಮುಂದೆ ನಾನು ಬಾಯಿಬಿಡುವವನಲ್ಲ. ಆದರೆ ಸಕ್ಕರೆಯ ವಿಷಯದಲ್ಲಿ ಧೈರ್ಯವಾಗಿ ಹೇಳಬಹುದು. ಶರ್ಕರ ಎಂದು ಹೊರಟದ್ದು ಅರಬರ ಕೈಗೆ ಸಿಕ್ಕಿ, ಯುರೋಪು ದಾಟಿ, ಶುಗರ್ ಆಯಿತು. ಖಂಡ ಹೋಗಿ ಕ್ಯಾಂಡಿ ಆಯಿತು. 1493ರ ಎರಡನೆಯ ಯಾನದಲ್ಲಿ ಕೊಲಂಬಸ್ ಕಬ್ಬಿನ ತುಂಡುಗಳನ್ನು ಈ ದ್ವೀಪಗಳಿಗೆ ತಂದ. ಇಂಡಿಯಾ ಹುಡುಕಲು ಹೊರಟು ಸಿಗದವನು ಇಂಡಿಯಾದಲ್ಲಿ ಸಕ್ಕರೆಯಾಗಲು ಕಲಿತ ಗಿಡವನ್ನು ಇಲ್ಲಿ ನೆಟ್ಟುಹೋದ.

ನಮ್ಮ ಆಲೆಮನೆಗೂ ಇದಕ್ಕೂ ಇರುವ ಅಂತರವನ್ನು ಚಾಲಕ ಯಾವ ನಾಟಕವೂ ಇಲ್ಲದೆ ಹೇಳಿದ. ಆಫ್ರಿಕಾದಿಂದ ಹಿಡಿದು ತಂದವರು ಹಗಲು ಕಬ್ಬು ಕಡಿದು, ಸುಗ್ಗಿಯಲ್ಲಿ ರಾತ್ರಿಯೂ ಸರದಿ ಮೇಲೆ ಗಾಣಕ್ಕೆ ಕಬ್ಬು ಕೊಡುತ್ತಿದ್ದರು. ತೂಕಡಿಸಿದವರ ಬೆರಳು ರೋಲರಿಗೆ ಸಿಕ್ಕರೆ ಕೈ ಒಳಗೆ ಹೋಗುತ್ತಿತ್ತು. ಗಾಣ ಥಟ್ಟನೆ ನಿಲ್ಲುವಂಥದಲ್ಲ. ಅದಕ್ಕೇ ಇಂಥ ಗಾಣಗಳ ಪಕ್ಕ ಒಂದು ಕೊಡಲಿ ಇಟ್ಟಿರುತ್ತಿದ್ದರು, ತೋಳು ಕಡಿದು ಮನುಷ್ಯನನ್ನು ಉಳಿಸಿಕೊಳ್ಳಲು.

ನಾನು ಕನ್ನಡಕ್ಕೆ ತಿರುಗಿಸುವಾಗ ಕೊಡಲಿಯನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಅಮ್ಮ ರೋಲರಿನ ಮೇಲಿಂದ ಕೈ ತೆಗೆದಳು.

ಆಮೇಲೆ ಅವಳೂ ಅವನೂ ಶುರುಹಚ್ಚಿಕೊಂಡದ್ದು ಬೇಸಾಯದ ಮಾತು. ಬುಡಕ್ಕೆ ಕಡಿಯುತ್ತೀರೋ ಮೇಲಕ್ಕೋ? ಬುಡಕ್ಕೇ, ಸಿಹಿ ಇರುವುದೇ ಅಲ್ಲಿ ಎಂದ. ಕೂಳೆ ಎಷ್ಟು ವರ್ಷ ಬಿಡುತ್ತೀರಿ? ಕೂಳೆಗೆ ಅವರು ರಟೂನ್ ಎನ್ನುತ್ತಾರೆ; ನಾಲ್ಕೈದು ವರ್ಷ ಎಂದ. “ಅಬ್ಬ, ಅಷ್ಟು ಬಿಟ್ರೆ ಕಬ್ಬು ಹುಲ್ಲಾಯ್ತದೆ” ಎಂದು ಅಮ್ಮ ಒಪ್ಪಲಿಲ್ಲ. ಸೋಗೆ ಕೊಯ್ದ ಹಳೆಯ ಗೀರು ಅವಳ ಮೊಣಕೈ ಮೇಲಿದೆ. ಅವನ ಮೊಣಕೈ ಮೇಲೂ ಇತ್ತು. ಅವನ ತಂದೆ ಕಬ್ಬಿನ ರೈಲಿನಲ್ಲಿ ಕೆಲಸ ಮಾಡಿದವರಂತೆ. 2005ರಲ್ಲಿ ದ್ವೀಪದ ಸಕ್ಕರೆ ಉದ್ಯಮವನ್ನು ಸರ್ಕಾರ ಮುಚ್ಚಿತು. ಕಬ್ಬು ಸಾಗಿಸುತ್ತಿದ್ದ ಹಳಿಯ ಮೇಲೆ ಈಗ ನಮ್ಮಂಥವರನ್ನು ಸಾಗಿಸುತ್ತಾರೆ. ಅಮ್ಮನಿಗೆ ಇದು ಹೊಸದೆನಿಸಲಿಲ್ಲ. 1933ರಲ್ಲಿ ಹುಟ್ಟಿದ ಮಂಡ್ಯದ ಮೈಶುಗರ್ ಕೂಡ ಕೆಲವು ವರ್ಷ ನಿಂತುಹೋಗಿ 2022ರಲ್ಲಿ ಮತ್ತೆ ಶುರುವಾದದ್ದು ಅವಳಿಗೆ ಗೊತ್ತು. ಕಾರ್ಖಾನೆ ನಿಂತಾಗ ಕಬ್ಬು ಒಣಗುವುದನ್ನು ನೋಡಿದವಳು. “ಬಾಕಿ ದುಡ್ಡು ಕೊಟ್ರಾ?” ಎಂದು ಕೇಳು ಎಂದಳು. ಚಾಲಕ ಜೋರಾಗಿ ನಕ್ಕ. ಆ ನಗುವಿಗೆ ಅನುವಾದ ಬೇಕಾಗಲಿಲ್ಲ.

ಹೊರಡುವಾಗ ಅಮ್ಮ ಚಿಮಣಿ, ಒಲೆಮನೆ, ಕಮಾನು ಎಲ್ಲವನ್ನೂ ಇನ್ನೊಂದು ಸಲ ನೋಡಿದಳು. “ಇಷ್ಟು ಕೆಲಸಕ್ಕೆ ನೂರಾರು ಆಳು ಬೇಕು. ಆಳ್ಗೋಳು ಎಲ್ ಮನಿಕತಿದ್ರು?”

ಚಾಲಕ ಕಾಡು ಬೆಳೆದ ಇಳಿಜಾರಿನ ಕಡೆ ಕೈ ತೋರಿಸಿದ. ಕಡ್ಡಿ, ಮಣ್ಣು, ಮೇಲೆ ಕಬ್ಬಿನ ಸೋಗೆ ಹೊದಿಸಿದ ಗುಡಿಸಲು. ಯಾವುದೂ ಉಳಿದಿಲ್ಲ. ಮಣ್ಣು ಮಾಡಿದ ಜಾಗ? ಅದೂ ಹಾಗೇ ಎಂದ. ಕಲ್ಲು ಬಿದ್ದದ್ದು ಗಾಣಕ್ಕೆ ಮತ್ತು ಒಡೆಯರಿಗೆ.

ಸ್ವಲ್ಪ ಮೇಲಕ್ಕೆ ರಾಮ್ನಿ ಮ್ಯಾನರ್, ಒಡೆಯರ ಮನೆಯ ಜಾಗ. ಈಗ ಅಲ್ಲಿ ಉದ್ಯಾನ, ಬಾಟಿಕ್ ಬಟ್ಟೆಯ ಅಂಗಡಿ. ಹೆಂಗಸರು ಮೇಣದಿಂದ ಬಟ್ಟೆಯ ಮೇಲೆ ಮೀನು ಬರೆಯುತ್ತಿದ್ದರು. ನಮ್ಮ ಗುಂಪು ಅಂಗಡಿಯೊಳಗೆ ಕರಗಿಹೋಯಿತು. ನಾನು ಹೊರಗಿನ ಮರದ ಕೆಳಗೆ ನಿಂತೆ. ಅರ್ಧ ಎಕರೆ ನೆರಳು ಚೆಲ್ಲುವ ಮರ, ವಯಸ್ಸು ನಾನೂರರ ಹತ್ತಿರ ಎನ್ನುತ್ತಾರೆ. ಎಲ್ಲರೂ ತಲೆಯೆತ್ತಿ ಬೆರಗಾಗುತ್ತಿದ್ದರೆ ನನಗೆ ಇದನ್ನು ಎಲ್ಲೋ ನೋಡಿದ್ದೇನೆ ಎಂಬ ಅನುಮಾನ. ಕೆಳಗೆ ಬಿದ್ದಿದ್ದ ಕಪ್ಪು ಕಾಯಿ ಮುರಿದು ಅಂಟು ಮುಟ್ಟಿದ ಕೂಡಲೇ ಗೊತ್ತಾಯಿತು. ಮಳೆಮರ! ಕಬ್ಬನ್ ಪಾರ್ಕಿನ ಸುತ್ತ, ಬೆಂಗಳೂರಿನ ಹಳೆಯ ರಸ್ತೆಗಳಲ್ಲಿ ಬಸ್ಸಿಗೆ ಕಾಯುವವರ ತಲೆ ಕಾಯ್ದ ಮರ. ಹಾಸ್ಟೆಲಿನಲ್ಲಿದ್ದಾಗ ಇದರ ಕಾಯಿಗಳನ್ನು ಜಜ್ಜಿ ಉಂಡೆ ಮಾಡಿ ಕ್ರಿಕೆಟ್ ಆಡಿದ್ದೇವೆ. ಊರಿನದೇ ಮರ ಎಂದುಕೊಂಡಿದ್ದೆ. ಇದರ ತವರು ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ. ನಾವು ಕಳಿಸಿದ್ದು ಕಬ್ಬು, ಅವರು ಕಳಿಸಿದ್ದು ನೆರಳು. ವ್ಯಾಪಾರದಲ್ಲಿ ಗೆದ್ದವರು ಬೆಂಗಳೂರಿನವರು. ಈಗ ಆ ಮರಗಳನ್ನು ಮೆಟ್ರೋಗೆ ಕಡಿಯುತ್ತಿರುವುದು ಬೇರೆ ಮಾತು.

ಮರದ ಆಚೆ ಒಂದು ಗಂಟೆಗೋಪುರ. ಗುಲಾಮರನ್ನು ಕೆಲಸಕ್ಕೆ ಎಬ್ಬಿಸುತ್ತಿದ್ದ ಗಂಟೆ. ಬ್ರಿಟಿಷ್ ಪಾರ್ಲಿಮೆಂಟಿನ ಕಾಯಿದೆಯಂತೆ 1834ರ ಆಗಸ್ಟ್ 1ರಂದು ಗುಲಾಮಗಿರಿ ಮುಗಿಯಿತು; ಆದರೆ ಬಿಡುಗಡೆಯಾದವರು ಇನ್ನೂ ಕೆಲವು ವರ್ಷ ಹಳೆಯ ಒಡೆಯರಲ್ಲೇ ಕೂಲಿಯಿಲ್ಲದೆ ದುಡಿಯಬೇಕೆಂದು ಅದೇ ಕಾಯಿದೆ ಹೇಳಿತು. ಸೇಂಟ್ ಕಿಟ್ಸ್‌ನವರು ಆಗುವುದಿಲ್ಲ ಎಂದು ಬೆಟ್ಟ ಹತ್ತಿದರು. ಸೈನ್ಯ ಬಂತು. ಪರಿಹಾರವೆಂದು ಎರಡು ಕೋಟಿ ಪೌಂಡ್ ಕೊಟ್ಟರು, ಒಡೆಯರಿಗೆ. ಅದಕ್ಕಾಗಿ ಎತ್ತಿದ ಸಾಲವನ್ನು ಬ್ರಿಟನ್ ತೀರಿಸಿ ಮುಗಿಸಿದ್ದು 2015ರಲ್ಲಿ. ನನ್ನ ಡ್ಯಾನ್‌ವಿಲ್ ಮನೆಯ ಸಾಲ ಮೂವತ್ತು ವರ್ಷದ್ದು. ಅದನ್ನೇ ದೊಡ್ಡದು ಎಂದುಕೊಂಡಿದ್ದೆ.

ಬಾಟಿಕ್ ಅಂಗಡಿಯಿಂದ ನಮ್ಮವರನ್ನು ಬಿಡಿಸಿ ತರುವಷ್ಟರಲ್ಲಿ ಹಡಗಿನ ಹೊತ್ತಾಗಿತ್ತು. ಓಡಿದೆವು. ಮಂಡಿನೋವಿನವರೇ ಮುಂದೆ. ಅಮ್ಮ ಮಾತ್ರ ನಿಧಾನ ಬಂದಳು. ಚೀಲದಲ್ಲಿ ಉಳಿದಿದ್ದ ಒಂದು ಅಚ್ಚು ಬೆಲ್ಲವನ್ನು ಚಾಲಕನಿಗೆ ಕೊಟ್ಟು ಬರಬೇಕಿತ್ತಂತೆ. ಅವನು ಅಲ್ಲೇ ಕಚ್ಚಿ ನೋಡಿ, ಸ್ವಲ್ಪ ಕರಕಲು ಎಂದನಂತೆ. “ಹೌದು, ಪಾಕ ಒಂಚೂರು ಏರಿತ್ತು” ಎಂದು ಅವಳು ಒಪ್ಪಿಕೊಂಡಳು. ಇಬ್ಬರೂ ಯಾವ ಭಾಷೆಯಲ್ಲಿ ಮಾತಾಡಿದರೋ ನಾನು ಅಲ್ಲಿರಲಿಲ್ಲ.

ಊರಿಗೆ ಹೊರಡುವ ಮುಂಚೆ ಅಮ್ಮನಿಗೆ ಡ್ಯಾನ್‌ವಿಲ್‌ನ ಎಸ್ಟೇಟನ್ನೂ ತೋರಿಸೋಣ ಎಂದು ಟಾವೋ ಹೌಸ್‌ಗೆ ಕರೆದುಕೊಂಡು ಹೋದೆ. ನಾಟಕಕಾರ ಯೂಜೀನ್ ಓನೀಲ್ 1936ರಲ್ಲಿ ನೊಬೆಲ್ ಪಡೆದು, ಮರುವರ್ಷ ಇಲ್ಲಿ 158 ಎಕರೆ ಬೆಟ್ಟ ಕೊಂಡು ಕಟ್ಟಿಸಿದ ಮನೆ. ಮೇಲಕ್ಕೆ ಹೋಗುವ ದಾರಿ ಖಾಸಗಿ; ಊರೊಳಗಿಂದ ಪುಟ್ಟ ವ್ಯಾನಿನಲ್ಲೇ ಹೋಗಬೇಕು. ಬಿಳಿ ಗೋಡೆ, ಬಣ್ಣದ ಬಾಗಿಲು, ಅವನು ‘ಲಾಂಗ್ ಡೇಸ್ ಜರ್ನಿ ಇನ್ಟು ನೈಟ್’ ಬರೆದ ಕೋಣೆ, ಅಲ್ಲೊಂದು ಮೇಜು. ನಾನು ಮೇಜಿನ ಮುಂದೆ ಭಕ್ತಿಯಿಂದ ನಿಂತಿದ್ದೆ. ಹಿಂದಿನಿಂದ ಪ್ರಶ್ನೆ ಬಂತು, ಯಾವುದೆಂದು ನಿಮಗೆ ಗೊತ್ತು.

ಕೆಲಸದವರು ಇದ್ದರು. ಯುದ್ಧ ಬಂದಾಗ ಒಬ್ಬೊಬ್ಬರೇ ಹೊರಟುಹೋದರು, ಕಾರು ಓಡಿಸುವವನೂ ಸೈನ್ಯ ಸೇರಿದ. ಗಂಡನ ಕೈ ನಡುಗುತ್ತಿತ್ತು, ಹೆಂಡತಿಗೆ ಕಾರು ಬಿಡಲು ಬರುತ್ತಿರಲಿಲ್ಲ. 1944ರಲ್ಲಿ ಮನೆ ಮಾರಿ ಹೋದರು. “ಮತ್ತೆ? ಆಳಿಲ್ದೆ ಎಸ್ಟೇಟೇನು ಬಂತು” ಎಂದು ಅಮ್ಮ ಹೊರಗೆ ನಡೆದಳು.

ಮನೆಯಾಚೆ ಒಂದು ಸಣ್ಣ ಸಮಾಧಿಯಿದೆ. ಓನೀಲ್ ದಂಪತಿಗಳ ಡಾಲ್ಮೇಶಿಯನ್ ನಾಯಿಯದು. ಬ್ಲೆಮಿ ಎಂದು ಹೆಸರು, ಸತ್ತದ್ದು 1940ರ ಡಿಸೆಂಬರಿನಲ್ಲಿ. ಅದರ ಪರವಾಗಿ ಓನೀಲ್ ಒಂದು ಉಯಿಲನ್ನೇ ಬರೆದಿದ್ದಾನೆ. ಅಮ್ಮ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಂತು, “ಹೆಸರೂ ಕೆತ್ತವ್ರಾ?” ಎಂದಳು. ಕೆತ್ತಿದ್ದಾರೆ ಎಂದೆ.

ನೀವು ಈ ಕಡೆ ಬಂದರೆ ಟಾವೋ ಹೌಸ್ ನೋಡಿ. ವ್ಯಾನಿಗೆ ದುಡ್ಡು ಕೊಡಬೇಕಾಗಿಲ್ಲ, ಮೊದಲೇ ಹೆಸರು ಬರೆಸುವುದು ಒಳ್ಳೆಯದು ಅಷ್ಟೇ.