ಮಲ್ಲಿಗೆ ಮೊಳ ಎಷ್ಟು, ಮಾನ್ಯರೇ?

ಸಾರ್ವಜನಿಕ ಉದ್ದಿಮೆಗಳ ಸಮಿತಿಯ ಮಾನ್ಯ ಸದಸ್ಯರಿಗೆ,
ವಿಧಾನಸೌಧ, ಬೆಂಗಳೂರು.

ಈಗಷ್ಟೇ ಮನೆಗೆ ಬಂದು ಚಪ್ಪಲಿ ಬಿಟ್ಟಿದ್ದೇನೆ. ಬೆಳಿಗ್ಗೆ ಹತ್ತೂಕಾಲಿಗೆ ಹೊರಟವನು, ಈಗ ಗಂಟೆ ನಾಲ್ಕೂಮುಕ್ಕಾಲು. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಈ ಪತ್ರ ಮುಗಿಸಬೇಕು. ಕಾಫಿ ಕುಡಿದರೆ ಕೋಪ ಇಳಿದುಹೋಗುತ್ತದೆ, ಆಮೇಲೆ ನಿಮಗೆ ಬರೆಯುವವರು ಯಾರು?

ಹೋಗಿದ್ದದ್ದು ಒಂದು ಸರ್ಕಾರಿ ಕಚೇರಿಗೆ. ಯಾವುದು ಅಂತ ಹೇಳುವುದಿಲ್ಲ, ಪಾಪ, ಅಲ್ಲಿನವರೂ ಸಂಸಾರವಂದಿಗರು. ನನಗೆ ಬೇಕಿದ್ದದ್ದು ಸಣ್ಣ ಮಾಹಿತಿ. ನಮ್ಮ ಉಪನಗರ ರೈಲು ಕಟ್ಟುತ್ತಿರುವ ಕೆ-ರೈಡ್ ಕಂಪನಿಯ ವಾರ್ಷಿಕ ವರದಿ ನಿಮ್ಮ ಸದನದ ಮುಂದೆ ಬಂತೇ? ಬಂದಿದ್ದರೆ ಅದರ ಮೇಲೆ ಯಾರಾದರೂ ಬಾಯಿ ಬಿಟ್ಟಿರೇ? ಕೆಳಗಿನವರು ಎರಡನೇ ಮಹಡಿ ಅಂದರು. ಎರಡನೇ ಮಹಡಿಯವರು ಪಕ್ಕದ ಬಿಲ್ಡಿಂಗ್ ಅಂದರು. ಅಲ್ಲಿ ಊಟದ ಹೊತ್ತು. ಎರಡೂವರೆಗೆ ಬಂದ ಗುಮಾಸ್ತರು ನನ್ನ ಅರ್ಜಿಯನ್ನು ಎರಡು ಸಲ ಓದಿ, "ಇದು ನಮ್ಮ ವ್ಯಾಪ್ತಿಗೆ ಬರಲ್ಲ ಸಾರ್, ಸಂಬಂಧಪಟ್ಟವರನ್ನ ಕೇಳಿ" ಅಂದರು.

"ಸಂಬಂಧಪಟ್ಟವರು ಯಾರು ಸ್ವಾಮಿ?"

"ಗೊತ್ತಾದ್ರೆ ನಮಗೂ ತಿಳಿಸಿ."

ಅರ್ಜಿಯ ನಕಲಿಗೆ ಸೀಲು ಒತ್ತಿಕೊಟ್ಟರು. ಸೀಲು ತಲೆಕೆಳಗಾಗಿ ಬಿದ್ದಿದೆ. ಇಡೀ ದಿನದಲ್ಲಿ ನನಗೆ ಸಿಕ್ಕಿದ ಸ್ಪಷ್ಟ ಉತ್ತರ ಅದೊಂದೇ.

ಈ ಮುದುಕನಿಗೆ ಯಾಕಪ್ಪಾ ಈ ಉಸಾಬರಿ ಅಂದುಕೊಳ್ಳುತ್ತೀರಿ. ನನ್ನ ಮಗಳ ಮನೆ ಚಿಕ್ಕಬಾಣಾವರದಲ್ಲಿದೆ. ಬೈಯಪ್ಪನಹಳ್ಳಿಯಿಂದ ಯಶವಂತಪುರದ ಮೇಲೆ ಚಿಕ್ಕಬಾಣಾವರಕ್ಕೆ ಹೋಗುವ ಮಾರ್ಗಕ್ಕೆ ನೀವಿಟ್ಟ ಹೆಸರು ಮಲ್ಲಿಗೆ. ದೇವನಹಳ್ಳಿಯದು ಸಂಪಿಗೆ, ಕೆಂಗೇರಿ–ವೈಟ್‌ಫೀಲ್ಡಿನದು ಪಾರಿಜಾತ, ಹೀಲಲಿಗೆ–ರಾಜಾನುಕುಂಟೆಯದು ಕನಕ. ನಾಲ್ಕೂ ಸೇರಿ ಸುಮಾರು 148 ಕಿಲೋಮೀಟರ್, 15,767 ಕೋಟಿ ರೂಪಾಯಿ. ಕೇಂದ್ರ ಸಂಪುಟ ಒಪ್ಪಿದ್ದು 2020ರ ಅಕ್ಟೋಬರಿನಲ್ಲಿ. ಕೆ.ಆರ್. ಮಾರ್ಕೆಟಿನಲ್ಲಿ ಮೆಟ್ರೊ ಹತ್ತಿ ಯಶವಂತಪುರದಲ್ಲಿ ಇಳಿದು ಮಲ್ಲಿಗೆ ಹಿಡಿದರೆ ಮಗಳ ಮನೆ. ನಮ್ಮಾಕೆ ಕಟ್ಟಿಕೊಡುವ ಹುಳಿಯನ್ನದ ಬಿಸಿ ಆರುವ ಮೊದಲೇ ತಲುಪಬಹುದು.

2022ರ ಜೂನ್ 20ರಂದು ಪ್ರಧಾನಿಗಳು ಶಂಕುಸ್ಥಾಪನೆ ಮಾಡಿ, 40 ವರ್ಷ ನೆನೆಗುದಿಗೆ ಬಿದ್ದದ್ದನ್ನು 40 ತಿಂಗಳಲ್ಲಿ ಮುಗಿಸುವ ಮಾತಾಡಿದರು. ಆಗ ಮೊಮ್ಮಗಳು ಯುಕೆಜಿಯಲ್ಲಿದ್ದಳು. ಈಗ ಭಾಗಾಕಾರ ಕಲಿತಿದ್ದಾಳೆ. "ತಾತ, 40 ತಿಂಗಳು ಅಂದ್ರೆ ಮೂರು ವರ್ಷ ನಾಲ್ಕು ತಿಂಗಳು, 2025ರ ಅಕ್ಟೋಬರ್‌ಗೇ ಮುಗೀತಲ್ಲ, ರೈಲೆಲ್ಲಿ?" ಅಂತ ಕೇಳಿದಳು. ಮಗೂ, ಸಂಬಂಧಪಟ್ಟವರನ್ನ ಕೇಳು ಅಂದೆ.

ನಮ್ಮಾಕೆ ಶುಕ್ರವಾರ ಗಾಂಧಿ ಬಜಾರಿಗೆ ಹೋಗಿ ಮಲ್ಲಿಗೆ ಕೊಳ್ಳುವುದನ್ನು ನೀವೊಮ್ಮೆ ನೋಡಬೇಕು. ಹೂವಿನಾಕೆ ಮೊಳಕೈಯಿಂದ ನಡುಬೆರಳ ತುದಿಯವರೆಗೆ ದಂಡೆ ಹಿಡಿಯುತ್ತಾಳೆ. ಹಿಡಿಯುವಾಗ ಬೆರಳು ತುಸು ಒಳಕ್ಕೆ ಮಡಿಸುತ್ತಾಳೆ, ಒಂದಂಗುಲ ಉಳಿತಾಯ. ಹಿಂದೆ ನಿಂತ ನನಗೆ ಕಾಣುವುದೇ ಇಲ್ಲ, ಇವಳಿಗೆ ಕಾಣುತ್ತದೆ. "ಏನಮ್ಮಾ, ವಾರ ವಾರಾನೂ ನಿನ್ನ ಕೈ ಗಿಡ್ಡ ಆಗ್ತಿದೆಯಲ್ಲ?" ಹೂವಿನಾಕೆ ನಕ್ಕು ಬೆರಳು ಬಿಡಿಸಿ ಮತ್ತೆ ಅಳೆಯುತ್ತಾಳೆ, ಮೇಲೊಂದು ಗೇಣು ಕೊಸರು ಹಾಕುತ್ತಾಳೆ. ಇಷ್ಟೂ ಒಂದು ನಿಮಿಷದ ಕೆಲಸ. ಟಿಎ ಇಲ್ಲ, ಡಿಎ ಇಲ್ಲ, ಅಧ್ಯಯನ ಪ್ರವಾಸವೂ ಇಲ್ಲ.

ನಿಮ್ಮ ಮಲ್ಲಿಗೆಯನ್ನು ಅಳೆದವರು ಯಾರು?

ಕೆ-ರೈಡ್ ಕಂಪನಿಯಲ್ಲಿ ರಾಜ್ಯದ ಪಾಲು ಶೇ. 51, ರೈಲ್ವೆಯದು ಶೇ. 49. ಕಂಪನಿ ಕಾಯ್ದೆಯ 394ನೇ ಕಲಮು ವಾರ್ಷಿಕ ವರದಿಯನ್ನು ಸಂಸತ್ತಿನಲ್ಲೂ ಇಡಿ, ವಿಧಾನಮಂಡಲದಲ್ಲೂ ಇಡಿ ಅನ್ನುತ್ತದೆ. ಎರಡು ಮನೆ ನೆಂಟನ ಗತಿ ಗೊತ್ತಲ್ಲ, ಅಲ್ಲಿ ಉಂಡಿರಬೇಕು ಅಂತ ಇವರು, ಇಲ್ಲಿ ಉಂಡಿರಬೇಕು ಅಂತ ಅವರು. ಬಹುಕಾಲ ಈ ಕಂಪನಿಗೆ ಪೂರ್ಣಾವಧಿ ಎಂ.ಡಿ.ಯೇ ಇರಲಿಲ್ಲ, ಬೇರೆ ಕುರ್ಚಿಯಲ್ಲಿ ಕೂತವರಿಗೆ ಹೆಚ್ಚುವರಿ ಪ್ರಭಾರ. ರೈಲ್ವೆಯವರೇ ಬೇಕು, ಐಎಎಸ್‌ನವರೇ ಇರಲಿ ಅಂತ ಎರಡು ಮನೆಯವರೂ ಜಗ್ಗಾಡಿದ್ದೇ ಜಗ್ಗಾಡಿದ್ದು. ಕಡೆಗೆ 2025ರಲ್ಲಿ ಮಲ್ಲಿಗೆ, ಕನಕ ಎರಡರ ಗುತ್ತಿಗೆ ಹಿಡಿದ ಕಂಪನಿ, ಜಾಗವನ್ನೇ ಬಿಡಿಸಿಕೊಟ್ಟಿಲ್ಲ ಅಂತ ಗಂಟುಮೂಟೆ ಕಟ್ಟಿತು. ಹೂವು ಕಟ್ಟುವವರೇ ದಾರ ಬಿಸಾಕಿ ಹೋದರೂ ನಿಮ್ಮ ಪ್ರಶ್ನೋತ್ತರದಲ್ಲಿ "ಕ್ರಮ ಕೈಗೊಳ್ಳಲಾಗುತ್ತಿದೆ".

ಇದೇನು ಹೊಸದೂ ಅಲ್ಲ. ತೊಂಬತ್ತರ ದಶಕದಲ್ಲೊಮ್ಮೆ ನಮಗೆ ಎತ್ತರದ ಮೇಲೆ ಓಡುವ ಲೈಟ್ ರೈಲು ಬರುವುದಿತ್ತು. 1994ರಲ್ಲಿ ಅದಕ್ಕೂ ಒಂದು ಕಂಪನಿ ಹುಟ್ಟಿತು. ಎಷ್ಟು ಲೈಟ್ ಅಂದರೆ, ಕೊನೆಗೆ ಕಣ್ಣಿಗೇ ಕಾಣಲಿಲ್ಲ. ಆಗ ನಾನಿನ್ನೂ ಸರ್ವಿಸಿನಲ್ಲಿದ್ದೆ. ರಿಟೈರ್ ಆಗುವಷ್ಟರಲ್ಲಿ ಲೈಟ್ ರೈಲಿನಲ್ಲೇ ಆಫೀಸಿಗೆ ಹೋಗಿ ಬರುವುದು ಅಂತ ಸಹೋದ್ಯೋಗಿಗಳ ಹತ್ತಿರ ಕೊಚ್ಚಿಕೊಂಡಿದ್ದೆ.

ಮೆಟ್ರೊ ಬಂತಲ್ಲ ಅನ್ನುತ್ತೀರಿ. ಬಂತು, ಸುಳ್ಳು ಹೇಳಬಾರದು, ನ್ಯಾಷನಲ್ ಕಾಲೇಜಿನಿಂದ ಸಂಪಿಗೆ ರಸ್ತೆಗೆ ಹೋಗುವಾಗ ಈಗಲೂ ಖುಷಿಯಾಗುತ್ತದೆ. ಆದರೆ 2025ರ ಫೆಬ್ರವರಿ 9ರ ಬೆಳಿಗ್ಗೆ ಎದ್ದು ನೋಡಿದರೆ 60 ಇದ್ದ ಗರಿಷ್ಠ ಟಿಕೆಟ್ 90 ಆಗಿತ್ತು. ಏರಿಸಿದ್ದು ನಾವಲ್ಲ, ಕೇಂದ್ರ ನೇಮಿಸಿದ ಸಮಿತಿ ಅಂತ ರಾಜ್ಯದವರು. ಸಮಿತಿ ಕೇಳಿದ್ದೇ ರಾಜ್ಯ ಅಂತ ಕೇಂದ್ರದವರು. ಮೂವರ ಸಮಿತಿ ಹೇಳಿದ ದರ ಕಾಯ್ದೆಯ ಪ್ರಕಾರ ಮೆಟ್ರೊ ಆಡಳಿತ ಒಪ್ಪಲೇಬೇಕಾದದ್ದು, ನಿಮ್ಮ 224 ಜನ ಕೂತ ಸದನ ಅದರ ಮೇಲೆ ಕೆಮ್ಮಬಹುದು, ಅಷ್ಟೇ. ಸಮಿತಿಯ ವರದಿಯನ್ನು ಜನರಿಗೆ ತೋರಿಸಲು ಬೆಂಗಳೂರು ದಕ್ಷಿಣದ ಸಂಸದರೇ ಹೈಕೋರ್ಟಿಗೆ ಹೋಗಬೇಕಾಯಿತು. ಸಂಸತ್ತಿನ ಸದಸ್ಯರಿಗೇ ಈ ಗತಿ, ತಲೆಕೆಳಗಾದ ಸೀಲಿನ ನಾನ್ಯಾವ ಲೆಕ್ಕ.

ಇನ್ನೊಂದಿದೆ. ಅದರಲ್ಲಿ ತಮಾಷೆ ಇಲ್ಲ. 2023ರ ಜನವರಿ 10ರಂದು ನಾಗವಾರದ ಹತ್ತಿರ ಮೆಟ್ರೊ ಕಂಬದ ಕಬ್ಬಿಣದ ಪಂಜರ ಬಿದ್ದು, ಬೈಕಿನಲ್ಲಿ ಹೋಗುತ್ತಿದ್ದ ತಾಯಿ, ಮಗು ಸತ್ತರು. ಹೈಕೋರ್ಟ್ ತಾನಾಗಿಯೇ ಕೇಸು ಎತ್ತಿಕೊಂಡಿತು. ದರ ಕೇಳಲು ಕೋರ್ಟು, ಜೀವ ಕೇಳಲು ಕೋರ್ಟು. ನೀವು ಯಾತಕ್ಕೆ ಇದ್ದೀರಿ? ವರ್ಷಕ್ಕೆ 60 ದಿನ ಸದನ ಕೂಡಬೇಕು ಅಂತ 2005ರಲ್ಲಿ ಕಾಯ್ದೆ ಮಾಡಿಕೊಂಡವರು ನೀವೇ, ಅದನ್ನು ಹೆಚ್ಚಿನ ವರ್ಷ ಮರೆಯುವವರೂ ನೀವೇ. ಪಾಲಿಕೆ ಸದಸ್ಯರನ್ನು ಕೇಳೋಣ ಅಂದರೆ 2020ರ ಸೆಪ್ಟೆಂಬರಿನಲ್ಲಿ ಅವರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಊರಿಗೆ ಹಳಿ ಹಾಕುವವರಿದ್ದಾರೆ, ಕೇಳುವವರು ಯಾರೂ ಇಲ್ಲ. ಕೋಪ ಬರುತ್ತದೆ ಸ್ವಾಮಿ. ಬಿ.ಪಿ. ಮಾತ್ರೆ ನುಂಗಿಯೇ ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಸಿಎಜಿ ವರದಿ ಬರಲಿ, ಆಮೇಲೆ ಪರಿಶೀಲಿಸುತ್ತೇವೆ ಅನ್ನಬೇಡಿ. ಅದು ಬಾಡಿದ ಹೂವನ್ನು ಅಳೆದ ಹಾಗೆ. ತಿಂಗಳಿಗೊಮ್ಮೆ ಕಂಪನಿಯವರನ್ನು ಕರೆಸಿ, ಬಾಗಿಲು ತೆರೆದಿಟ್ಟು, ಈ ತಿಂಗಳು ಎಷ್ಟು ಹಳಿ ಹಾಕಿದಿರಿ, ಯಾವ ಜಾಗ ಸಿಕ್ಕಿಲ್ಲ, ಯಾರು ಕೊಡುತ್ತಿಲ್ಲ ಅಂತ ಕೇಳಿ. ಉತ್ತರವನ್ನು ಮರುದಿನವೇ ಅಚ್ಚು ಹಾಕಿಸಿ. ಕೇಳುವುದು ಹೇಗೆ ಅಂತ ಗೊತ್ತಾಗದಿದ್ದರೆ ನಮ್ಮಾಕೆಯನ್ನು ಕಳಿಸಿಕೊಡುತ್ತೇನೆ. ಬೆರಳು ಮಡಿಸಿದ್ದು ಅವಳಿಗೆ ದೂರದಿಂದಲೇ ಕಾಣುತ್ತದೆ.

ಇತಿ,
ಚಾಮರಾಜಪೇಟೆಯ ಒಬ್ಬ ನಿವೃತ್ತ ಗುಮಾಸ್ತ

ತಾ.ಕ.: ಇವತ್ತು ಶುಕ್ರವಾರ. ಬರುವ ದಾರಿಯಲ್ಲಿ ಹೂವು ತರಲು ಹೇಳಿದ್ದಳಂತೆ, ನಿಮ್ಮ ಗಲಾಟೆಯಲ್ಲಿ ಮರೆತೆ. ಈಗ ಚಪ್ಪಲಿ ಮೆಟ್ಟಿ ಮತ್ತೆ ಗಾಂಧಿ ಬಜಾರಿಗೆ ಹೊರಡಬೇಕು. ಎರಡು ಮೊಳ ತರಬೇಕಂತೆ, ಅಳೆಯುವಾಗ ಎಚ್ಚರ ಅಂತಲೂ ಅಡುಗೆಮನೆಯಿಂದ ಕೂಗುತ್ತಿದ್ದಾಳೆ.