ಕೊಟ್ಟದ್ದನ್ನು ಬರೆಯಲು ಒಂದು ಕಾಲಂ

ಸಂಶೋಧನಾ ಅನುದಾನ ಸಮಿತಿಗಳಲ್ಲಿ ಕೂರುವ ಮಾನ್ಯರಿಗೆ,

ಕಳೆದ ತಿಂಗಳು ನನ್ನ ವಿದ್ಯಾರ್ಥಿನಿ ಅನುದಾನದ ಸಂದರ್ಶನ ಮುಗಿಸಿ ಬಂದವಳು, ಹೆಗಲ ಬ್ಯಾಗನ್ನೂ ಇಳಿಸದೆ ಕೇಳಿದಳು: "ಸರ್, ಬೇರೆಯವರಿಗೆ ಕೊಟ್ಟದ್ದನ್ನ ಎಲ್ಲಿ ಬರೀಬೇಕಿತ್ತು?" ಪ್ರೋಟೀನು ಹೇಗೆ ಮಡಚಿಕೊಳ್ಳುತ್ತದೆ ಎಂದು ನೋಡುವುದು ಅವಳ ಕೆಲಸ. ಆರು ವರ್ಷದಲ್ಲಿ ಅವಳು ಕಟ್ಟಿದ ಪ್ಲಾಸ್ಮಿಡ್‌ಗಳನ್ನು, ಅಂದರೆ ಜೀನ್ ಹೊತ್ತೊಯ್ಯುವ ಡಿಎನ್‌ಎ ಉಂಗುರಗಳನ್ನು, ಇವತ್ತು ನಾಲ್ಕು ಲ್ಯಾಬ್‌ಗಳು ಬಳಸುತ್ತಿವೆ. ಅರ್ಜಿಯಲ್ಲಿ ಪ್ರಬಂಧಗಳಿಗೆ ಕಾಲಂ ಇತ್ತು, ಪೇಟೆಂಟಿಗೂ ಇತ್ತು. ಹೀಗೆ ಕೊಟ್ಟದ್ದಕ್ಕೆ ಇರಲಿಲ್ಲ.

ಆ ಪ್ಲಾಸ್ಮಿಡ್‌ಗಳಲ್ಲೆಲ್ಲ ಹಸಿರಾಗಿ ಹೊಳೆಯುವ ಒಂದು ಪ್ರೋಟೀನಿನ ಜೀನ್ ಇದೆ. ನಾವು ಜಿಎಫ್‌ಪಿ ಎನ್ನುತ್ತೇವೆ. ಜೆಲ್ಲಿಮೀನಿನಲ್ಲಿ ಈ ಪ್ರೋಟೀನನ್ನು ಕಂಡವರು ಒಸಾಮು ಶಿಮೊಮುರಾ. 1992ರಲ್ಲಿ ಅದರ ಜೀನನ್ನು ಕ್ಲೋನ್ ಮಾಡಿದವರು ಅಮೆರಿಕದ ವುಡ್ಸ್ ಹೋಲ್‌ನಲ್ಲಿದ್ದ ಡಗ್ಲಸ್ ಪ್ರ್ಯಾಶರ್. 238 ಅಮೈನೋ ಆಮ್ಲಗಳ ಸರಪಳಿ ಪೀಪಾಯಿಯಂತೆ ಮಡಚಿಕೊಳ್ಳುತ್ತದೆ. ಅದರ ಒಡಲಲ್ಲಿ ಮೂರು ಅಮೈನೋ ಆಮ್ಲಗಳು ತಾವೇ ಬೆಸೆದುಕೊಂಡು ಹೊಳೆಯುತ್ತವೆ. ಹಾಗೆ ಬೆಸೆದುಕೊಳ್ಳಲು ಆಮ್ಲಜನಕ ಬಿಟ್ಟರೆ ಹೊರಗಿನದೇನೂ ಬೇಡ. ಎಷ್ಟು ಸಲ ನೋಡಿದರೂ ನನಗೆ ಬೆರಗು ಕಡಿಮೆಯಾಗಿಲ್ಲ.

ಮುಂದಿನ ಅನುದಾನ ಸಿಗದೆ ಪ್ರ್ಯಾಶರ್ ಈ ಕೆಲಸವನ್ನೇ ಬಿಡಬೇಕಾಯಿತು. ಆದರೂ ಜೀನನ್ನು ಬಚ್ಚಿಡಲಿಲ್ಲ. ಕೇಳಿದ ಮಾರ್ಟಿನ್ ಚಾಲ್ಫಿ, ರಾಜರ್ ಚೆನ್ ಎಂಬ ವಿಜ್ಞಾನಿಗಳಿಬ್ಬರಿಗೂ ಕಳಿಸಿಕೊಟ್ಟರು. 2008ರಲ್ಲಿ ಶಿಮೊಮುರಾ, ಚಾಲ್ಫಿ, ಚೆನ್ ಅವರಿಗೆ ಜಿಎಫ್‌ಪಿಗಾಗಿ ನೊಬೆಲ್ ಬಂದಾಗ ಪ್ರ್ಯಾಶರ್ ಹಂಟ್ಸ್‌ವಿಲ್ ಊರಿನ ಕಾರು ಮಳಿಗೆಯೊಂದರ ಗಿರಾಕಿಗಳನ್ನು ವ್ಯಾನಿನಲ್ಲಿ ಕರೆದೊಯ್ದು ಬಿಡುವ ಕೆಲಸದಲ್ಲಿದ್ದರು. ಆ ಕೆಲಸ ಕೀಳೆಂದು ಹೇಳುತ್ತಿಲ್ಲ. ಅಂಥ ಕೈಗಳನ್ನು ಪ್ರಯೋಗಾಲಯ ಕಳೆದುಕೊಂಡಿತಲ್ಲ, ಅದು ನನ್ನ ಸಂಕಟ. ಚಾಲ್ಫಿ, ಚೆನ್ ತಮ್ಮ ಖರ್ಚಿನಲ್ಲಿ ಅವರನ್ನೂ ಪತ್ನಿಯನ್ನೂ ಸ್ಟಾಕ್‌ಹೋಮ್‌ಗೆ ಕರೆಸಿಕೊಂಡರು; 2012ರಲ್ಲಿ ಚೆನ್ ತಮ್ಮ ಲ್ಯಾಬಿನಲ್ಲೇ ಕೆಲಸ ಕೊಟ್ಟರು. ಪಡೆದವರು ಮರೆಯಲಿಲ್ಲ, ಅದು ಅವರ ದೊಡ್ಡತನ. ಆದರೆ ವಿಜ್ಞಾನಿಯೊಬ್ಬರ ಅನ್ನ ಇನ್ನೊಬ್ಬರ ದೊಡ್ಡತನವನ್ನು ನಂಬಿ ಕೂರಬಾರದು.

ಅರ್ಜಿಯಲ್ಲಿ ಒಂದು ಕಾಲಂ ಸೇರಿಸಿ: ಯಾರಿಗೆ, ಏನು ಕೊಟ್ಟಿರಿ? ಪಡೆದವರ ಎರಡು ಸಾಲಿನ ಪತ್ರ ಜೊತೆಗಿದ್ದರೆ ಸಾಕು. ಅದಕ್ಕೆ ಅಂಕ ಕೊಡಿ. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವತನಕ ಒಂದು ವರ್ಷದ ಸಂಬಳವನ್ನಾದರೂ ಕೊಡಿ.

ನನ್ನ ವಿದ್ಯಾರ್ಥಿನಿಯ ಫೆಲೋಶಿಪ್ ಮುಂದಿನ ತಿಂಗಳು ಮುಗಿಯುತ್ತದೆ. ನಿನ್ನೆ ಐದನೆಯ ಲ್ಯಾಬಿನಿಂದ ಪ್ಲಾಸ್ಮಿಡ್ ಕೇಳಿ ಮೇಲ್ ಬಂತು. ಇವತ್ತು ಬೆಳಿಗ್ಗೆ ಅವಳು ಫಿಲ್ಟರ್ ಪೇಪರಿನ ಮೇಲೆ ಅದರ ಒಂದು ಹನಿ ಬಿಟ್ಟು, ಒಣಗಿಸಿ, ಲಕೋಟೆಯ ಮೇಲೆ ವಿಳಾಸ ಬರೆಯುತ್ತಿದ್ದಳು.

ಇಂತಿ,
ಬೆಂಗಳೂರಿನ ಒಬ್ಬ ಜೀವಭೌತವಿಜ್ಞಾನದ ಮೇಷ್ಟ್ರು